ಒಂಟಿ ಸೂಕ್ತ ಓದಿ ಎದೆಗುಂದಬೇಡಿ



ನಮ್ಮ ವಾರದ ಕುರ್‌ಆನ್ ತರಗತಿ ಮುಗಿದ ಮೇಲೆ ಒಬ್ಬ ತಾಯಿ ಎದ್ದು ಹೋಗದೆ ಕುಳಿತೇ ಇದ್ದರು. ಕನ್ನಡ ಅನುವಾದ ತೆರೆದು ಸೂರಃ ಅಲ್ ಅನ್‌ಆಮ್‌ನ 82ನೇ ಸೂಕ್ತಕ್ಕೆ ಬೆರಳಿಟ್ಟರು. "ಉಸ್ತಾದರೇ, ಈಮಾನ್‌ನೊಂದಿಗೆ ಅಕ್ರಮ ಬೆರೆಸದವರಿಗೇ ಅಭಯ ಅಂತ ಇದೆಯಲ್ಲ? ನಾನು ಅತ್ತೆಗೆ ಎಷ್ಟೋ ಸಲ ಅನ್ಯಾಯ ಮಾಡಿದ್ದೇನೆ. ನನ್ನ ಈಮಾನ್ ಹೋಯಿತೇ?" ಎಂದು ಕಣ್ಣೊರೆಸಿಕೊಂಡರು.

ಇದೇ ಭಯ ಸಹಾಬಿಗಳನ್ನೂ ಕಾಡಿತ್ತು. ಈ ಸೂಕ್ತ ಅವತೀರ್ಣವಾದಾಗ, ಅಕ್ರಮವೆಸಗದವರು ನಮ್ಮಲ್ಲಿ ಯಾರಿದ್ದಾರೆಂದು ಅವರು ಪ್ರವಾದಿವರ್ಯರಲ್ಲಿ(ಸ) ಅಳಲು ತೋಡಿಕೊಂಡರು. ಇಲ್ಲಿ ಅಕ್ರಮವೆಂದರೆ ಶಿರ್ಕ್ ಎಂದು ತಿಳಿಸಿದ ಪ್ರವಾದಿ(ಸ), ಲುಕ್ಮಾನರು ಮಗನಿಗೆ ಹೇಳಿದ ಮಾತನ್ನು ನೆನಪಿಸಿದರು. ಅಲ್ಲಾಹನಿಗೆ ಸಹಭಾಗಿಗಳನ್ನು ಕಲ್ಪಿಸುವುದೇ ಮಹಾ ಅಕ್ರಮವೆಂದು ಸೂರಃ ಲುಕ್ಮಾನ್‌ನ 13ನೇ ಸೂಕ್ತದಲ್ಲಿದೆ. ಹ. ಇಬ್ನು ಮಸ್‌ಊದ್(ರ) ವರದಿ ಮಾಡಿದ ಈ ಹದೀಸ್ ಸಹೀಹ್ ಬುಖಾರಿಯಲ್ಲಿದೆ.

ಹೀಗೆ ಕುರ್‌ಆನಿನ ಮಾತನ್ನು ಕುರ್‌ಆನಿನಿಂದಲೇ ಬಿಡಿಸುವುದು ತಫ್ಸೀರ್‌ನ ಮೊದಲ ಮೆಟ್ಟಿಲು. 1373ರಲ್ಲಿ ನಿಧನರಾದ ಇಬ್ನು ಕಸೀರ್ ತಮ್ಮ ತಫ್ಸೀರ್‌ನ ಮುನ್ನುಡಿಯಲ್ಲಿ ಈ ಕ್ರಮವನ್ನು ವಿವರಿಸಿದ್ದಾರೆ. ಮೊದಲು ಕುರ್‌ಆನ್, ಅಲ್ಲಿ ಸಿಗದಿದ್ದರೆ ಪ್ರವಾದಿಚರ್ಯೆ, ಆಮೇಲೆ ಸಹಾಬಿಗಳ ಮಾತು, ನಂತರ ಅವರ ಶಿಷ್ಯರಾದ ತಾಬಿಈಗಳ ಮಾತು. ಅವರಿಗಿಂತ ಬಹಳ ಹಿಂದೆ, 923ರಲ್ಲಿ ನಿಧನರಾದ ಇಮಾಮ್ ತಬರಿಯವರು ಯಾವ ಅರ್ಥ ಯಾರ ಮೂಲಕ ಬಂದಿದೆಯೆಂದು ಹೆಸರು ಸಹಿತ ದಾಖಲಿಸಿ, ಭಿನ್ನ ಅಭಿಪ್ರಾಯಗಳನ್ನೂ ಕೊಟ್ಟು, ತಮಗೆ ಸರಿಕಂಡದ್ದನ್ನು ಕಾರಣ ಸಹಿತ ಹೇಳುತ್ತಾರೆ.

ಇದು ಗಂಡಸರಿಗಷ್ಟೇ ಸೇರಿದ ವಿದ್ಯೆಯೆಂದು ಭಾವಿಸಬೇಡಿ. ಸಫಾ ಮರ್ವಾಗಳ ನಡುವೆ ನಡೆದರೆ ತಪ್ಪಿಲ್ಲವೆಂಬ ಸೂಕ್ತವನ್ನು (2:158) ಓದಿದ ಉರ್ವಾ, ಹಾಗಾದರೆ ನಡೆಯದಿದ್ದರೂ ಆದೀತು ಎಂದುಕೊಂಡರು. ಅವರನ್ನು ತಿದ್ದಿದವರು ಚಿಕ್ಕಮ್ಮ ಹ. ಆಯಿಶಾ(ರ). ನೀನು ಹೇಳುವ ಅರ್ಥವಾಗಿದ್ದರೆ ನಡೆಯದಿದ್ದರೆ ತಪ್ಪಿಲ್ಲ ಎಂದಿರಬೇಕಿತ್ತು ಎಂದರು. ಇಸ್ಲಾಮಿಗೆ ಮುಂಚೆ ಮನಾತ್ ವಿಗ್ರಹದ ಹೆಸರಲ್ಲಿ ಇಹ್ರಾಮ್ ಕಟ್ಟುತ್ತಿದ್ದ ಅನ್ಸಾರ್‌ಗಳಿಗೆ ಅಲ್ಲಿ ನಡೆಯಲು ಅಳುಕಿತ್ತು. ಆ ಅಳುಕು ನೀಗಿಸಲು ಸೂಕ್ತ ಬಂತೆಂದು ವಿವರಿಸಿದರು. ಪದಗಳ ಜೋಡಣೆಯನ್ನೂ ಅವತೀರ್ಣದ ಹಿನ್ನೆಲೆಯನ್ನೂ ಹೀಗೆ ಒಟ್ಟಿಗೆ ನೋಡಬೇಕೆಂದು ನಮಗೆ ಕಲಿಸಿದವರು ಒಬ್ಬ ಮಹಿಳೆ.

ಆ ತಾಯಿಗೆ ನಾನು ಹೇಳಿದ್ದಿಷ್ಟು: "ಈ ಸೂಕ್ತ ನಿಮ್ಮ ಈಮಾನ್ ಕಸಿಯುವುದಿಲ್ಲ. ಆದರೆ ಅತ್ತೆಯ ಹಕ್ಕು ನಿಮ್ಮ ಮೇಲೆ ಹಾಗೆಯೇ ಉಳಿದಿದೆ. ಇವತ್ತೇ ಹೋಗಿ ಕ್ಷಮೆ ಕೇಳಿ."

ಸಹೋದರಿಯರೇ, ಮೊಬೈಲಿನಲ್ಲಿ ಬಂದ ಒಂಟಿ ಸೂಕ್ತ ಹಿಡಿದು ಯಾರಾದರೂ ನಿಮ್ಮನ್ನು ಹೆದರಿಸಿದರೆ ಕುರ್‌ಆನ್ ತೆರೆಯಿರಿ. ಹಿಂದು ಮುಂದಿನ ಸೂಕ್ತಗಳನ್ನು ಓದಿ, ತಫ್ಸೀರ್ ನೋಡಿ. ಆಗಲೂ ತಿಳಿಯದಿದ್ದರೆ ಬಲ್ಲವರನ್ನು ಕೇಳಿ. ಕೇಳಲು ನಾಚಬೇಡಿ, ಸಹಾಬಿಗಳೂ ಕೇಳಿಯೇ ತಿಳಿದರು. ಅಲ್ಲಾಹನು ತನ್ನ ಗ್ರಂಥದ ತಿಳಿವನ್ನು ನಮಗೆಲ್ಲ ಕರುಣಿಸಲಿ. ಆಮೀನ್.