ಕೆರೆಯನ್ನೂ ತೋಟವೆನ್ನುವ ಗೆರೆ

ಬಿಂದುಗಳ ಗುಂಪಿಗೆ ಪೀನ ಹೊದಿಕೆಯೊಂದೇ, ಅಂದರೆ ಎಲ್ಲ ಬಿಂದುಗಳ ಸುತ್ತ ಬಿಗಿದ ದಾರದಂಥ ಗೆರೆಯೊಂದೇ, ಖಚಿತ ಗಡಿ; ಒಳಬಾಗುವ ಗಡಿ ನಾವು ಕೊಡುವ ಅಳತೆಗೆ ತಕ್ಕಂತೆ ಬದಲಾಗುವುದರಿಂದ ನಂಬಲಾಗದು ಎಂದು ಕಳೆದ ಸಂಚಿಕೆಯ ಲೇಖನ ವಾದಿಸಿದೆ. ಪೀನ ಹೊದಿಕೆ ಒಂದೇ ಇರುತ್ತದೆ, ನಿಜ. ಆದರೆ ಖಚಿತವಾದದ್ದೆಲ್ಲ ಸರಿಯಾದದ್ದಲ್ಲ. ಕೆರೆಯ ಮೂರು ದಡಗಳಲ್ಲಿರುವ ತೆಂಗಿನಮರಗಳನ್ನು ನಕ್ಷೆಯಲ್ಲಿ ಗುರುತಿಸಿ, ಸುತ್ತಲೂ ಬಿಗಿಯಾಗಿ ದಾರ ಎಳೆಯಿರಿ: ನಡುವಿನ ನೀರೂ ತೋಟವಾಗಿಬಿಡುತ್ತದೆ!

1983ರಲ್ಲಿ ಎಡೆಲ್ಸ್‌ಬ್ರುನ್ನರ್, ಕರ್ಕ್‌ಪ್ಯಾಟ್ರಿಕ್, ಸೈಡೆಲ್ ಮಂಡಿಸಿದ ಆಲ್ಫಾ ಆಕಾರ ಈ ತೊಡಕನ್ನೇ ಬಿಡಿಸಿತು. ನಿಗದಿತ ತ್ರಿಜ್ಯದ ಬಿಲ್ಲೆ ಯಾವ ಬಿಂದುವನ್ನೂ ಮುಚ್ಚದೆ ಎಲ್ಲಿಯವರೆಗೆ ನುಗ್ಗಬಲ್ಲದೋ ಅಲ್ಲಿಯವರೆಗೂ ಹೊರಗು. ತ್ರಿಜ್ಯವನ್ನು ಅನಂತಕ್ಕೆ ಒಯ್ದರೆ ಸಿಗುವುದು ಅದೇ ಪೀನ ಹೊದಿಕೆ. ಅಂದಮೇಲೆ ಆ ಲೇಖನ ಬರೆದವರೂ ಒಂದು ಅಳತೆಯನ್ನು ಆರಿಸಿಕೊಂಡೇ ಇದ್ದಾರೆ, ಹೇಳಿಲ್ಲ ಅಷ್ಟೆ. ಜೀವಿಗಳ ವ್ಯಾಪ್ತಿಯ ಏರಿಳಿತ ಅಳೆಯಲು ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ಮಾರ್ಗಸೂಚಿಯೂ ಇದೇ ಬಗೆಯ ಆಲ್ಫಾ ಹೊದಿಕೆಯನ್ನೇ ಸೂಚಿಸುತ್ತದೆ.