ವಯಸ್ಸಾಯ್ತು ಅಂತ ಯಾರಿಗೆ ಹೇಳ್ತೀರಿ?



ನಮ್ಮ ದೊಡ್ಡಮ್ಮನಿಗೆ 71. ದೊಡ್ಡಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಗೆ ಇಳಿದು ದುಡಿದವರು. ಹೋದ ವರ್ಷ ಒಂದು ಬೆಳಗ್ಗೆ ನೀರು ಹಿಡಿಯುವಾಗ "ತಲೆ ಸಿಡೀತಾ ಇದೆ ಕಣಪ್ಪಾ" ಅಂತ ಕುಸಿದು ಕೂತರು, ವಾಂತಿ ಮಾಡಿದರು. ಮೊದಲು ಹೋದ ಕಡೆ ಬಿಪಿ ಅಂದ್ರು, ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದ್ರು. ಸಂಜೆ ಇನ್ನೊಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯ್ತು: ಮೆದುಳಿನ ರಕ್ತನಾಳ ಉಬ್ಬಿ ಒಡೆದಿದೆ. ಅಲ್ಲಿ ಮೊದಲು ಕೇಳಿದ್ದು ವಯಸ್ಸು, ಎರಡನೇದು ಕಾರ್ಡು. ಮೂರನೇ ಮಾತು, "ವಯಸ್ಸಾಯ್ತಲ್ಲ, ಮನೆಗೆ ಕರ್ಕೊಂಡೋಗಿ." ಆಗ ದೊಡ್ಡಮ್ಮ ನನ್ನ ಕೈ ಹಿಡಿದು ಮಾತಾಡ್ತಾ ಇದ್ದರು. ಆ ರಾತ್ರಿಯೇ ನಾಳ ಮತ್ತೆ ಒಡೆಯಿತು. ಹೋದರು.

ಒಡೆದ ನಾಳ ಮತ್ತೆ ಒಡೆಯುವ ಅಪಾಯ ಮೊದಲ 24 ಗಂಟೆಯಲ್ಲೇ ಅತಿ ಹೆಚ್ಚು. ತಲೆಬುರುಡೆ ತೆರೆದು ಕ್ಲಿಪ್ ಹಾಕೋದೊಂದೇ ದಾರಿ ಅಲ್ಲ. ತೊಡೆಯ ನಾಳದಿಂದ ತೆಳು ಕೊಳವೆ ಕಳಿಸಿ ಉಬ್ಬಿನೊಳಗೆ ಪ್ಲಾಟಿನಂ ಸುರುಳಿ ತುಂಬುವ ಕಾಯ್ಲಿಂಗ್ 1990ರ ದಶಕದಿಂದ ಇದೆ. 2002ರ ಐಸ್ಯಾಟ್ ಅಧ್ಯಯನದಲ್ಲಿ ಎರಡಕ್ಕೂ ಒಗ್ಗುವ 2,143 ರೋಗಿಗಳಿದ್ದರು. ವರ್ಷದ ನಂತರ ಸತ್ತವರು, ಪರಾವಲಂಬಿಗಳಾದವರು ಸೇರಿ ಕ್ಲಿಪ್‌ನಲ್ಲಿ 30.6%, ಕಾಯ್ಲಿಂಗ್‌ನಲ್ಲಿ 23.7%.

ವಯಸ್ಸಾದವರಿಗೆ ಅಪಾಯ ಹೆಚ್ಚು, ನಿಜ. ಆಳವಾದ ಕೋಮಾದಲ್ಲಿ ಇರೋರಿಗೂ ಆಪರೇಷನ್ ಮಾಡಲೇಬೇಕು ಅಂತ ನಾನು ಹೇಳ್ತಿಲ್ಲ. ಆದರೆ ಪ್ರಜ್ಞೆ ಇರುವ ಹೆಂಗಸನ್ನ ಬರೀ ಹುಟ್ಟಿದ ಇಸವಿ ನೋಡಿ ವಾಪಸ್ ಕಳಿಸೋದು ಯಾವ ವೈದ್ಯಶಾಸ್ತ್ರ? 71ರ ಮಂತ್ರಿಗೆ ಹೀಗೆ ಹೇಳ್ತಾರಾ? ಅವರಿಗೆ ಮುಪ್ಪು ಅನುಭವ, ನಮಗೆ ಮುಪ್ಪು ನೆಪ.

1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಬಂತು, ಬೆಂಗಳೂರಿಗಿಂತ ಮೊದಲು. ಚಿನ್ನ ತೆಗೆಯೋಕೆ ಬೇಕಿತ್ತು, ತಂದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು, ಕಂಪನಿ ಆಸ್ಪತ್ರೆಯೂ ಬಾಗಿಲು ಹಾಕಿತು. ಈಗ ನಮ್ಮ ಬಡವರ ಮೆದುಳಿಗೆ ನೂರು ಕಿಲೋಮೀಟರ್ ದೂರದ ನಿಮ್ಹಾನ್ಸೇ ಗತಿ. ಚಿನ್ನ ಅಗೆದವರ ಮನೆಗೆ ಒಂದೆಳೆ ಪ್ಲಾಟಿನಂ ದುಬಾರಿ ಆಯ್ತು!

ನಾವು ಕೇಳೋದಿಷ್ಟು. ಕೆಜಿಎಫ್, ಬಂಗಾರಪೇಟೆ ಕಡೆಯವರಿಗೆ ಹಗಲೂ ರಾತ್ರಿ ಸಿಟಿ ಸ್ಕ್ಯಾನ್ ಸಿಗಲಿ. ನಡುರಾತ್ರಿಯಾದರೂ ರೆಫರಲ್ ಚೀಟಿ, ಆಂಬುಲೆನ್ಸ್ ಕೊಡಿ. ಚಿಕಿತ್ಸೆ ಆಗಲ್ಲ ಅಂದ್ರೆ ಕಾರಣ ಬರೆದು ಸಹಿ ಹಾಕಿ. ನಾನು ಗುಮಾಸ್ತ, ಕಾಗದದ ಬೆಲೆ ನನಗೆ ಗೊತ್ತು. ಬಾಯಿಮಾತಿಗೆ ಯಾರೂ ಹೊಣೆ ಆಗಲ್ಲ.

ನಿಮ್ಮನೇಲಿ ಯಾರಿಗಾದರೂ ಇದ್ದಕ್ಕಿದ್ದಂಗೆ ಹಿಂದೆಂದೂ ಬರದಂಥ ತಲೆನೋವು ಬಂದರೆ ಗ್ಯಾಸು, ಬಿಪಿ ಅಂತ ಕೂರಬೇಡಿ. ಸ್ಕ್ಯಾನ್ ಮಾಡಿ ಅಂತ ಪಟ್ಟು ಹಿಡೀರಿ. ಮನೆಗೆ ಹೋಗಿ ಅಂದ್ರೆ, ಬರೆದುಕೊಡಿ ಅನ್ನಿ.

ಜೈ ಭೀಮ್.