ಇವತ್ತು ರಾತ್ರಿ ಹತ್ತೂವರೆಗೆ ಜರ್ಮನಿ: ಬೆಳಗಾವಿಯವರು ಯಾಕೆ ಎಚ್ಚರ ಇರಬೇಕು?

ಇವತ್ತು ಮಂಗಳವಾರ, ಆಗಸ್ಟ್ 6. ರಾತ್ರಿ ಹತ್ತೂವರೆಗೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ ಮತ್ತು ಜರ್ಮನಿ ನಡುವೆ ಹಾಕಿ ಸೆಮಿಫೈನಲ್. ಗೆದ್ದರೆ ಬೆಳ್ಳಿಯಂತೂ ಗಟ್ಟಿ, ಚಿನ್ನಕ್ಕೆ ಇನ್ನೊಂದೇ ಆಟ. ಸೋತರೆ ಕಂಚಿಗಾಗಿ ಗುರುವಾರ ಮತ್ತೆ ಆಡಬೇಕು. ಒಲಿಂಪಿಕ್ಸ್ ಹಾಕಿ ಫೈನಲ್‌ನಲ್ಲಿ ಭಾರತ ಕೊನೆಯ ಸಲ ಆಡಿದ್ದು 1980ರಲ್ಲಿ, ಮಾಸ್ಕೋದಲ್ಲಿ. ಅದಾಗಿ 44 ವರ್ಷ. ಇದನ್ನು ಫೋನಿನಲ್ಲಿ ಓದುತ್ತಿರುವ ಬಹಳಷ್ಟು ಮಂದಿ ಆಗ ಹುಟ್ಟಿಯೇ ಇರಲಿಲ್ಲ.

ಮೊನ್ನೆ ಭಾನುವಾರ, ನಾಗರ ಅಮಾವಾಸ್ಯೆ ದಿನ ಮಧ್ಯಾಹ್ನ ನಡೆದದ್ದನ್ನು ಮೊದಲು ಹೇಳಬೇಕು. ಬ್ರಿಟನ್ ವಿರುದ್ಧ ಕ್ವಾರ್ಟರ್ ಫೈನಲ್. ಆಟ ಶುರುವಾಗಿ 17ನೇ ನಿಮಿಷಕ್ಕೆ ಅಮಿತ್ ರೋಹಿದಾಸ್ ಅವರ ಸ್ಟಿಕ್ ಎದುರಾಳಿಯ ಮುಖಕ್ಕೆ ತಗುಲಿತೆಂದು ರೆಡ್ ಕಾರ್ಡ್ ತೋರಿಸಿದರು. ಹಾಕಿ ಆಟ 60 ನಿಮಿಷದ್ದು. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ನಮ್ಮವರು ಹತ್ತೇ ಮಂದಿ, ಅವರು ಹನ್ನೊಂದು. ಆದರೂ ನಾಯಕ ಹರ್ಮನ್‌ಪ್ರೀತ್ ಸಿಂಗ್ 22ನೇ ನಿಮಿಷಕ್ಕೆ ಗೋಲು ಹೊಡೆದರು. ಬ್ರಿಟನ್ ಸಮ ಮಾಡಿತು. ಆಮೇಲೆ ಶೂಟೌಟ್‌ನಲ್ಲಿ 4-2ರಿಂದ ನಮ್ಮದೇ ಜಯ. ಒಬ್ಬ ಆಳು ಕಡಿಮೆ ಇದ್ದಾಗ ಹೊಲದ ಕೆಲಸ ಹೇಗೆ ನಡೆಯುತ್ತದೆ ಅಂತ ನಮಗೆ ಗೊತ್ತು. ಉಳಿದವರು ಒಂದೊಂದು ಸಾಲು ಹೆಚ್ಚಿಗೆ ಹಿಡಿಯುತ್ತಾರೆ. ಅವತ್ತು ಆದದ್ದು ಅದೇ.

ಅದಕ್ಕೂ ಎರಡು ದಿನ ಮುಂಚೆ ಆಸ್ಟ್ರೇಲಿಯಾವನ್ನು 3-2ರಿಂದ ಸೋಲಿಸಿದ್ದರು. ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಭಾರತ ಗೆದ್ದದ್ದು 1972ರ ನಂತರ ಇದೇ ಮೊದಲು. ಹಾಗಾಗಿ ಇವತ್ತಿನ ಆಸೆ ಬರೀ ಅಭಿಮಾನಿಯ ಹುಚ್ಚಲ್ಲ, ಅದಕ್ಕೆ ಆಧಾರ ಇದೆ.

ಆದರೆ ಜರ್ಮನಿ ಅಂದರೆ ಜರ್ಮನಿ. 2023ರಲ್ಲಿ ನಮ್ಮ ಒಡಿಶಾದಲ್ಲೇ ವಿಶ್ವಕಪ್ ಗೆದ್ದುಕೊಂಡು ಹೋದವರು. ಆ ವಿಶ್ವಕಪ್‌ನ ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಮೂರರಲ್ಲೂ 2-0 ಹಿಂದೆ ಬಿದ್ದು, ಮೂರನ್ನೂ ಗೆದ್ದರು. ನಾವು ಎರಡು ಗೋಲು ಮುಂದೆ ಇದ್ದರೂ ಇವರೆದುರು ನಿದ್ದೆ ಮಾಡುವ ಹಾಗಿಲ್ಲ. ಅವರಲ್ಲಿ ಗೊಂಜಾಲೊ ಪೇಯಾತ್ ಎಂಬ ಡ್ರ್ಯಾಗ್ ಫ್ಲಿಕ್ಕರ್ ಇದ್ದಾರೆ. 2016ರಲ್ಲಿ ಅರ್ಜೆಂಟೀನಾ ಪರ ಆಡಿ ಚಿನ್ನ ಗೆದ್ದವರು, ಈಗ ಜರ್ಮನಿ ಪರ ಆಡುತ್ತಾರೆ.

ನನ್ನ ದೊಡ್ಡ ಚಿಂತೆ ಇರುವುದು ಇಲ್ಲೇ. ಪೆನಾಲ್ಟಿ ಕಾರ್ನರ್ ಬಂದಾಗ ಗೋಲ್‌ಕೀಪರ್ ಸೇರಿ ಐವರು ಮಾತ್ರ ಗೋಲಿನ ಗೆರೆಯ ಹಿಂದೆ ನಿಲ್ಲಬೇಕು. ಚೆಂಡು ಒಳಗೆ ಬರುತ್ತಿದ್ದಂತೆ ಒಬ್ಬ ಆಟಗಾರ ಹೊಡೆಯುವವನ ಕಡೆಗೇ ಓಡುತ್ತಾನೆ. ಬಿರುಸಾಗಿ ಬರುವ ಚೆಂಡಿಗೆ ಮೈಯೊಡ್ಡುವ ಕೆಲಸ ಅದು. ನಮ್ಮ ತಂಡದಲ್ಲಿ ಆ ಕೆಲಸ ರೋಹಿದಾಸ್ ಅವರದ್ದು. ರೆಡ್ ಕಾರ್ಡ್ ಕಾರಣ ಇವತ್ತು ಅವರಿಗೆ ನಿಷೇಧ. ಹಾಕಿ ಇಂಡಿಯಾ ಮೇಲ್ಮನವಿ ಹಾಕಿತ್ತು, ಅದೂ ತಿರಸ್ಕಾರವಾಯಿತು. 16 ಜನರ ಬದಲು 15 ಜನರಲ್ಲೇ ಆಡಬೇಕು. ಅದಕ್ಕೇ ಹೇಳುತ್ತೇನೆ: ಇವತ್ತು ಪೆನಾಲ್ಟಿ ಕಾರ್ನರ್ ತಡೆಯುವುದಕ್ಕಿಂತ ಅದನ್ನು ಕೊಡದೇ ಇರುವುದೇ ಜಾಣತನ. ಸರ್ಕಲ್ ಒಳಗೆ ಕಾಲಿಗೆ ಚೆಂಡು ತಾಗಿಸಿಕೊಳ್ಳಬಾರದು, ಅವಸರದ ಟ್ಯಾಕಲ್ ಬೇಡ.

ಹಾಗಾದರೆ ಧೈರ್ಯ ಯಾತರ ಮೇಲೆ? ಒಂದು, ಶ್ರೀಜೇಶ್. ಪ್ಯಾರಿಸ್ ತಮ್ಮ ಕೊನೆಯ ಟೂರ್ನಿ ಎಂದು ಮೊದಲೇ ಹೇಳಿಬಿಟ್ಟಿದ್ದಾರೆ. ಕೇರಳದ ರೈತ ಮನೆತನದವರು. ಗೋಲ್‌ಕೀಪರ್ ಪ್ಯಾಡ್ ಕೊಡಿಸಲು ಅಪ್ಪ ಮನೆಯ ಆಕಳು ಮಾರಿದ ಕಥೆಯನ್ನು ಅವರೇ ಹೇಳಿಕೊಂಡಿದ್ದಾರೆ. ಮೂರು ವರ್ಷದ ಹಿಂದೆ ಟೋಕಿಯೊದಲ್ಲಿ ಇದೇ ಜರ್ಮನಿ ವಿರುದ್ಧ ಕಂಚಿನ ಪಂದ್ಯ. 3-1 ಹಿಂದೆ ಇದ್ದ ನಾವು 5-4 ಮುಂದೆ ಬಂದಿದ್ದೆವು. ಆಟ ಮುಗಿಯಲು ಕೆಲವೇ ಸೆಕೆಂಡು ಇದ್ದಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಶ್ರೀಜೇಶ್ ತಡೆದರು. 41 ವರ್ಷದ ನಂತರ ಪದಕ ಬಂದದ್ದು ಹಾಗೆ.

ಎರಡು, ಹರ್ಮನ್‌ಪ್ರೀತ್. ಅಮೃತಸರ ಜಿಲ್ಲೆಯ ಹಳ್ಳಿಯ ರೈತನ ಮಗ. ಈ ಒಲಿಂಪಿಕ್ಸ್‌ನಲ್ಲಿ ಇಲ್ಲಿಯವರೆಗೆ ಏಳು ಗೋಲು. ಇವತ್ತೂ ಒಂದೆರಡು ಬಂದರೆ ಕೆಲಸ ಆಯಿತು.

ಮೂರನೆಯದು ಇತಿಹಾಸ. 1936ರಲ್ಲಿ ಬರ್ಲಿನ್‌ನಲ್ಲಿ ಒಲಿಂಪಿಕ್ಸ್‌ಗೆ ಮುನ್ನ ನಡೆದ ಅಭ್ಯಾಸ ಪಂದ್ಯದಲ್ಲಿ ಜರ್ಮನಿ ನಮ್ಮನ್ನು 4-1ರಿಂದ ಸೋಲಿಸಿತ್ತು. ಆಗಸ್ಟ್ 15ರ ಫೈನಲ್‌ನಲ್ಲಿ ಧ್ಯಾನ್‌ಚಂದ್ ಅವರ ತಂಡ ಅವರ ಊರಲ್ಲೇ ಅವರನ್ನು 8-1ರಿಂದ ಹೊಡೆದು ಹಾಕಿತು. ಹಳೆಯ ಕಥೆ ಗೋಲು ತಂದುಕೊಡುವುದಿಲ್ಲ, ನಿಜ. ಆದರೆ ಸೋತವರು ಎದ್ದು ನಿಲ್ಲಬಹುದು ಎಂಬುದಕ್ಕೆ ಸಾಕ್ಷಿ ಬೇಕಾದರೆ ಅದು ಇದೆ.

ಈಗ ನಮ್ಮ ಜಿಲ್ಲೆಯ ಮಾತು. "ಹಾಕಿಗೂ ಬೆಳಗಾವಿಗೂ ಏನ್ರಿ ಸಂಬಂಧ? ಅದು ಕೊಡಗಿನವರ ಆಟ" ಅನ್ನುವವರು ಇದ್ದಾರೆ. 1964ರ ಟೋಕಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಭಾರತ ಪಾಕಿಸ್ತಾನವನ್ನು 1-0ರಿಂದ ಸೋಲಿಸಿ, ನಾಲ್ಕು ವರ್ಷದ ಹಿಂದೆ ರೋಮ್‌ನಲ್ಲಿ ಕಳೆದುಕೊಂಡ ಚಿನ್ನ ವಾಪಸ್ ತಂದಿತು. ಆ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರಿದ್ದರು. ಗೋಲು ಕಾದ ಶಂಕರ್ ಲಕ್ಷ್ಮಣ್ ಮರಾಠಾ ಲಘು ಪದಾತಿ ದಳದ ಸೈನಿಕ. ಆ ದಳದ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲೇ. ಕ್ಯಾಂಪ್ ರಸ್ತೆಯಲ್ಲಿ ದಿನಾ ಓಡಾಡುವ ನಮ್ಮ ಎಷ್ಟು ಹುಡುಗರಿಗೆ ಈ ಎರಡು ಹೆಸರು ಗೊತ್ತು?

ಇನ್ನೊಂದು ಲೆಕ್ಕ ನೋಡಿ. 2016ರ ರಿಯೊ ತಂಡದಲ್ಲಿ ಕರ್ನಾಟಕದ ನಾಲ್ವರಿದ್ದರು: ರಘುನಾಥ್, ಸುನಿಲ್, ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ. ಟೋಕಿಯೊದಲ್ಲಿ ಯಾರೂ ಇರಲಿಲ್ಲ. ಪ್ಯಾರಿಸ್‌ನಲ್ಲೂ ಯಾರೂ ಇಲ್ಲ. ಇದೇ ವರ್ಷ ನಾಪೋಕ್ಲುವಿನಲ್ಲಿ 360 ಕೊಡವ ಕುಟುಂಬಗಳ ತಂಡಗಳು ಹಾಕಿ ಹಬ್ಬ ಆಡಿವೆ. ಆಸಕ್ತಿಗೆ ಕೊರತೆ ಇಲ್ಲ ಅಂತಾಯಿತು. ಕೊರತೆ ಇರುವುದು ಆಡುವ ಮಗುವನ್ನು ಗುರುತಿಸಿ ಮೇಲಕ್ಕೆ ಒಯ್ಯುವ ಕೆಲಸದಲ್ಲಿ.

ರೋಹಿದಾಸ್ ಬಂದದ್ದು ಒಡಿಶಾದ ಸುಂದರಗಢ ಜಿಲ್ಲೆಯಿಂದ. ಕಾಡು, ಗುಡ್ಡ, ಚದುರಿದ ಹಳ್ಳಿಗಳ ಜಿಲ್ಲೆ ಅದು. ದಿಲೀಪ್ ಟಿರ್ಕಿ ಬಂದದ್ದೂ ಅಲ್ಲಿಂದಲೇ. ಒಡಿಶಾ ಸರ್ಕಾರ 2018ರಿಂದ ರಾಷ್ಟ್ರೀಯ ತಂಡಗಳಿಗೆ ಪ್ರಾಯೋಜಕತ್ವ ಕೊಡುತ್ತಿದೆ. ಸುಂದರಗಢ ಜಿಲ್ಲೆಯ ರೂರ್ಕೆಲಾದಲ್ಲೇ ವಿಶ್ವಕಪ್ ಕ್ರೀಡಾಂಗಣ ಕಟ್ಟಿತು. ನಮ್ಮ ಖಾನಾಪುರ ತಾಲೂಕೂ ಕಾಡಿನದ್ದೇ. ಕಣಕುಂಬಿ, ಜಾಂಬೋಟಿ, ಲೋಂಡಾ ಕಡೆಯ ಮಕ್ಕಳ ಕಾಲಿನ ಕಸುವು ಯಾರಿಗೂ ಕಡಿಮೆ ಇಲ್ಲ. ನಾಳೆಯೇ ಸಿಂಥೆಟಿಕ್ ಮೈದಾನ ಬೇಕು ಅಂತ ನಾನು ಕೇಳುತ್ತಿಲ್ಲ. ಪ್ರೌಢಶಾಲೆಗೆ ಹತ್ತಿಪ್ಪತ್ತು ಸ್ಟಿಕ್, ಒಂದಷ್ಟು ಚೆಂಡು, ಆಟ ಗೊತ್ತಿರುವ ಒಬ್ಬ ದೈಹಿಕ ಶಿಕ್ಷಕ. ಶುರುವಿಗೆ ಇಷ್ಟು ಸಾಕು. ಇದನ್ನು ಎಸ್‌ಡಿಎಂಸಿ ಸಭೆಯಲ್ಲಿ ಕೇಳಬಹುದು, ಗ್ರಾಮ ಸಭೆಯಲ್ಲೂ ಕೇಳಬಹುದು. ಕೇಳಲು ಒಳ್ಳೆಯ ಸಮಯ ಪದಕ ಬಂದ ವಾರವೇ. ದೀಪಾವಳಿ ಹೊತ್ತಿಗೆ ಎಲ್ಲರೂ ಮತ್ತೆ ಕ್ರಿಕೆಟ್‌ಗೆ ಮರಳಿರುತ್ತಾರೆ. ಇವತ್ತಿನ ಗೆಲುವು ನನಗೆ ಇಷ್ಟು ಮುಖ್ಯ ಆಗಿರುವುದು ಇದಕ್ಕೇ.

ಸದ್ಯಕ್ಕೆ ಮಾಡಬೇಕಾದ್ದು ಇಷ್ಟು. ಮಳೆಗೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಸಂಜೆಯೇ ಫೋನ್ ಚಾರ್ಜ್ ಮಾಡಿಡಿ. ಜಿಯೋ ಸಿನಿಮಾದಲ್ಲಿ ಪುಕ್ಕಟೆ ಬರುತ್ತದೆ. ನೆಟ್‌ವರ್ಕ್ ಸಿಗದ ಊರಿನವರು ಡಿಡಿ ಸ್ಪೋರ್ಟ್ಸ್ ಹಾಕಿ. ಮಕ್ಕಳನ್ನು ಇವತ್ತೊಂದು ರಾತ್ರಿ ಬೇಗ ಮಲಗಿಸಬೇಡಿ. ಖಾನಾಪುರದಲ್ಲಿ ಒಬ್ಬರ ಮನೆಮಾತು ಕನ್ನಡ, ಒಬ್ಬರದ್ದು ಮರಾಠಿ, ಮತ್ತೊಬ್ಬರದ್ದು ಕೊಂಕಣಿ. ಗೋಲು ಬಿದ್ದಾಗ ಹಾಕುವ ಕೇಕೆ ಎಲ್ಲರದ್ದೂ ಒಂದೇ.

ನನ್ನ ಅಂದಾಜು: ಭಾರತ 2, ಜರ್ಮನಿ 1. ಗುರುವಾರ ನಾಗ ಚೌತಿ, ಅವತ್ತೇ ಫೈನಲ್. ಶುಕ್ರವಾರ ಪಂಚಮಿ. ಉಂಡಿ ಹೇಗೂ ಕಟ್ಟುತ್ತೀರಿ, ಈ ಸಲ ನಾಲ್ಕು ಹೆಚ್ಚಿಗೆ ಕಟ್ಟಿ.